ಪ್ರತಿಕ್ರಿಯೆ: ಮಾಕ್ ಡ್ರಿಲ್‌ನಲ್ಲಿ ಎಲ್ಲರೂ ಅನಿಲ ಹೋಗುವ ಕಡೆಗೇ ಓಡಿದರೆ

ನಿಮ್ಮ ಕಾರ್ಖಾನೆಯಲ್ಲಿ ವಿಷಾನಿಲ ಕ್ಲೋರಿನ್ ಸೋರಿದರೆ ಏನು ಮಾಡಬೇಕು ಅನ್ನುವ ಅಭ್ಯಾಸದ ಡ್ರಿಲ್‌ನಲ್ಲಿ ಎಲ್ಲರೂ ಗಾಳಿ ಬೀಸುವ ದಿಕ್ಕಿಗೇ ಓಡಿದರು ಅಂದಿರಲ್ವಾ, ಅದು ಜನರ ತಪ್ಪಲ್ಲ. ಬಹುಶಃ ನಿಮ್ಮಲ್ಲಿ ಅಪಾಯದ ವೇಳೆ ಎಲ್ಲರೂ ಬಂದು ಸೇರುವ ಜಾಗ ಒಂದೇ ಇದೆ, ಅವತ್ತು ಅದು ಅನಿಲ ಹೋಗುವ ಕಡೆಗೇ ಬಿದ್ದಿದೆ. ನಮ್ಮಲ್ಲೂ ಹೀಗೇ ಆಗಿತ್ತು.

ಮೊದಲು ಎದುರುಬದುರು ದಿಕ್ಕಿನಲ್ಲಿ ಎರಡು ಜಾಗ ಗುರುತಿಸಿ. ಎರಡೂ ಎತ್ತರದಲ್ಲಿರಲಿ. ಕ್ಲೋರಿನ್ ಗಾಳಿಗಿಂತ ಸುಮಾರು 2.5 ಪಟ್ಟು ಭಾರ. ಚರಂಡಿ, ನೆಲಮಾಳಿಗೆ, ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟುವ ಬಟ್ಟೆಯ ಚೀಲ) ಎಲ್ಲ ಕಡೆಯಿಂದ ಕಾಣುತ್ತದಾ ನೋಡಿ. ರಾತ್ರಿ ಪಾಳಿಗೆ ಅದರ ಮೇಲೆ ದೀಪ ಬೇಕೇ ಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಸೈರನ್ ಆದ ಕೂಡಲೇ ಯಾವ ಜಾಗಕ್ಕೆ ಹೋಗಬೇಕು ಅಂತ ಮೈಕಿನಲ್ಲಿ ಹೇಳುವ ಹೊಣೆಯನ್ನು ಪ್ರತಿ ಪಾಳಿಯಲ್ಲೂ ಒಬ್ಬರಿಗೇ ಕೊಡಿ. ಗಾಳಿಗೆ ಅಡ್ಡವಾಗಿ ನಡೆದು ಅನಿಲದಿಂದ ಹೊರಬಂದು, ನಂತರ ಗಾಳಿ ಬರುವ ದಿಕ್ಕಿಗೆ ಹೋಗಬೇಕು. ಗುತ್ತಿಗೆ ಕಾರ್ಮಿಕರಿಗೆ ಇದನ್ನು ಅವರ ಭಾಷೆಯಲ್ಲೇ ನಡೆದು ತೋರಿಸಿ. ಸುಮ್ನೆ ಬೋರ್ಡ್ ಹಾಕಿದರೆ ಸಾಲದು.

ಕಂಟ್ರೋಲ್ ರೂಮಿನವರು ಹೊರಗೆ ಬರಬೇಕೋ, ಬಾಗಿಲು ಮುಚ್ಚಿ ಎಸಿ ನಿಲ್ಲಿಸಿ ಒಳಗೇ ಇರಬೇಕೋ ಎಂಬುದನ್ನು ನಿಮ್ಮ ನಕ್ಷೆ ನೋಡದೆ ಹೇಳಲಾರೆ. ಅದನ್ನು ಸುರಕ್ಷತಾ ಅಧಿಕಾರಿಯ ಜೊತೆ ಕೂತು ಈಗಲೇ ತೀರ್ಮಾನಿಸಿ. ಮುಂದಿನ ಡ್ರಿಲ್ ಅನ್ನು ಗಾಳಿ ಬೇರೆ ದಿಕ್ಕಿಗೆ ಬೀಸುವ ದಿನ ಮಾಡಿ, ಗೇಟ್ ರಿಜಿಸ್ಟರ್ ಹಿಡಿದು ತಲೆ ಎಣಿಸಿ.