ಮೊದಲು ಆ ಕರದಂಟಿನ ಡಬ್ಬಿಯ ದುಡ್ಡು ಬರಲಿ

ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೇನೆ. ಹೆಸರು ಬೇಡ ಅಂದಿದ್ದೀರಿ, ಆಗಲಿ.

ನಿಮಗೆ 31 ವರ್ಷ. ಬೆಂಗಳೂರಿನ ಜಾಹೀರಾತು ಕಂಪನಿಯಲ್ಲಿ ಆರು ವರ್ಷದಿಂದ ಡಿಸೈನರ್. ಕೈಗೆ ಬರುವ ಸಂಬಳ 62 ಸಾವಿರ. ಕೆಲಸ ಬಿಟ್ಟು ಸ್ವಂತವಾಗಿ ಪ್ಯಾಕೇಜಿಂಗ್ ಡಿಸೈನ್ ಮಾಡಬೇಕು ಅಂತ ಆಸೆ. ಗಂಡ ‘ಧೈರ್ಯ ಮಾಡು’ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿರುವ ಅಪ್ಪ ‘ತಿಂಗಳ ಪಗಾರ ಬಿಡಬ್ಯಾಡವಾ’ ಅನ್ನುತ್ತಾರೆ. ಸ್ವಂತವಾಗಿ ನಿಲ್ಲುವಷ್ಟು ಪ್ರತಿಭೆ ನನಗಿದೆಯಾ ಎಂದು ನಾಲ್ಕು ಪುಟ ಕೇಳಿದ್ದೀರಿ.

ಪ್ರತಿಭೆ ಇದೆ. ಆ ವಿಷಯ ಇಲ್ಲಿಗೆ ಬಿಡೋಣ. ನನ್ನನ್ನು ಕಾಡಿದ್ದು ಕೊನೆಯ ಪುಟದಲ್ಲಿ ‘ಅಂದಹಾಗೆ’ ಅಂತ ಶುರುವಾಗುವ ಮೂರು ಸಾಲು.

ಸೋದರಮಾವನ ಗೆಳೆಯರ ಮಿಠಾಯಿ ಅಂಗಡಿಗೆ ನೀವು ಕರದಂಟಿನ ಡಬ್ಬಿ ಮಾಡಿಕೊಟ್ಟಿರಿ. ಮೂರು ಅಳತೆ, 48 ಸಾವಿರಕ್ಕೆ ಮಾತು. ಹತ್ತು ಸಾವಿರ ಬಂತು, ಉಳಿದದ್ದು ಏಳು ತಿಂಗಳಾದರೂ ಬಂದಿಲ್ಲ. ಹೋದ ತಿಂಗಳು ಊರಿನ ಮದುವೆಯೊಂದರಲ್ಲಿ ತಾಂಬೂಲದ ಜೊತೆ ಅದೇ ಡಬ್ಬಿ ನಿಮ್ಮ ಕೈಗೆ ಬಂತು. ‘ಟು’ ಅಕ್ಷರದ ಬಾಲವನ್ನು ನೀವು ಗೋಡಂಬಿಯ ಹಾಗೆ ಬಾಗಿಸಿದ್ದಿರಿ. ಚಿನ್ನದ ಬಣ್ಣದಲ್ಲಿ ಅದು ಹೊಳೆಯುತ್ತಿತ್ತು. ‘ನೋಡಿ ಖುಷಿ ಆಯ್ತು, ದುಡ್ಡಿನ ವಿಷಯ ಕೇಳೋಕೆ ಮುಜುಗರ’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಹಾಗೆ ಹೋಗಬೇಡಿ. ಅಲ್ಲೇ ನಿಲ್ಲಿ.

ನನ್ನ ಅಪ್ಪ ದರ್ಜಿ. ಅವರ ಕೈಯ ಹೊಲಿಗೆಗೆ ಊರಲ್ಲಿ ಸಾಟಿ ಇರಲಿಲ್ಲ. ಉದ್ರಿ ಬರೆಯಲು ಕೆಂಪು ರಟ್ಟಿನ ಒಂದು ಪುಸ್ತಕವಿತ್ತು. ಪರಿಚಯದವರ ಹೆಸರನ್ನು ಅದರಲ್ಲಿ ಪೂರ್ತಿ ಬರೆಯಲೂ ಅವರಿಗೆ ಸಂಕೋಚ. ಮೊದಲ ಅಕ್ಷರ ಮಾತ್ರ ಹಾಕುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಆ ಪುಸ್ತಕ ತೆರೆದು ಕೂತರು. ‘ಶ’ ಅಂದರೆ ಶಂಕರಣ್ಣನೋ ಶಿವಪ್ಪನೋ ಗೊತ್ತಾಗಲಿಲ್ಲ. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ದುಡಿದದ್ದನ್ನು ಬರೆದಿಡಿ, ಬರೆದದ್ದನ್ನು ಕೇಳಿ ಎಂದು ಈ ಅಂಕಣದಲ್ಲಿ ನಾನು ಪದೇ ಪದೇ ಹೇಳುವುದು ಅದಕ್ಕೇ.

ಅಂಗಡಿಯವರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಕೇಳದಿದ್ದರೆ ಯಾರು ತಾನೇ ಕೊಡುತ್ತಾರೆ? ಕೋಪ ಇರುವುದು ನಿಮ್ಮ ಮಾಮನ ಮೇಲೆ. ‘ನಮ್ಮವರ ಅದಾರ, ಕೊಡ್ತಾರ ಬಿಡವಾ, ಅವಸರ ಮಾಡಬ್ಯಾಡ’ ಎಂದವರು ಅವರು. ಗೆಳೆಯನ ಮುಂದೆ ದೊಡ್ಡಸ್ತಿಕೆ ಅವರದು, 38 ಸಾವಿರ ನಿಮ್ಮದು. ನಿಮ್ಮ ವಿದ್ಯೆಯನ್ನು ಮನೆಯಲ್ಲಿ ಬಿಟ್ಟಿ ಸಿಗುವ ಮಜ್ಜಿಗೆ ಅಂದುಕೊಂಡಿದ್ದಾರೆ. ಅಪ್ಪನನ್ನು ಮಾತ್ರ ಬೈಯಬೇಡಿ. ಈ ಡಬ್ಬಿಯ ಕಥೆ ಅವರಿಗೂ ಗೊತ್ತು ಅಲ್ವಾ? ಅವರ ಹೆದರಿಕೆಗೆ ಕಾರಣ ಇದೆ.

ಕೆಲಸ ಬಿಟ್ಟ ಮೇಲೆ ಸಂಬಳ ಹಾಕುವ ಅಕೌಂಟ್ಸ್ ವಿಭಾಗ ನೀವೇ. ಅಲ್ಲಿ ಮುಜುಗರ ನಡೆಯುವುದಿಲ್ಲ. ನಮ್ಮಲ್ಲಿ ಕಾನೂನೂ ಇದೆ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ನೋಂದಾಯಿಸಿಕೊಂಡ ಸಣ್ಣ ಉದ್ಯಮಕ್ಕೆ ಕೊಳ್ಳುವವರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಇದು ಮುಂದಿನ ಕೆಲಸಗಳಿಗೆ. ಅರ್ಧ ಹಣ ಮುಂಗಡ, ಪೂರ್ತಿ ಹಣ ಬರುವವರೆಗೆ ಪ್ರೆಸ್‌ಗೆ ಓಪನ್ ಫೈಲ್ (ತಿದ್ದಲು ಬರುವ ಮೂಲ ಡಿಸೈನ್ ಫೈಲ್) ಇಲ್ಲ, ಈ ಎರಡನ್ನು ಕೊಟೇಶನ್‌ನಲ್ಲೇ ಬರೆದುಬಿಡಿ. ಇನ್ನೊಂದು ಮಾತು. ಅಮ್ಮನ ಸಕ್ಕರೆ ಕಾಯಿಲೆಯ ಖರ್ಚು ಕಂಪನಿಯ ವಿಮೆಯಿಂದ ನಡೆಯುತ್ತಿದೆ ಅಂದಿರಿ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಕಂಪನಿಯ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ಬಗ್ಗೆ ಕೆಲಸದಲ್ಲಿ ಇರುವಾಗಲೇ ವಿಚಾರಿಸಿ.

ಈಗ ನೀವು ಮಾಡಬೇಕಾದದ್ದು ಒಂದೇ. ರಾಜೀನಾಮೆ ಪತ್ರ ಸದ್ಯಕ್ಕೆ ಬರೆಯಬೇಡಿ. ಇವತ್ತು ರಾತ್ರಿ ಬಿಲ್ ಬರೆಯಿರಿ. ಮೂರು ಡಬ್ಬಿಯ ಅಳತೆ, ಒಪ್ಪಿದ ಹಣ, ಬಂದದ್ದು, ಬರಬೇಕಾದ 38 ಸಾವಿರ, ಕೊಡಬೇಕಾದ ತಾರೀಕು ಎಲ್ಲವೂ ಇರಲಿ. ಅಂಗಡಿಯವರ ಪೂರ್ತಿ ಹೆಸರು ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ನಾಳೆ ಬೆಳಿಗ್ಗೆ ಅಂಗಡಿ ತೆರೆದ ಮೇಲೆ ನೀವೇ ಫೋನ್ ಮಾಡಿ. ಮಾಮನ ಕೈಲಿ ಮಾಡಿಸಬೇಡಿ. ‘ಅಣ್ಣಾರ, ಬಿಲ್ ಕಳಿಸೀನಿ. ಈ ಹದಿನೈದು ದಿನದಾಗ ಹಾಕಿಬಿಡ್ರಿ’ ಅನ್ನಿ. ಕ್ಷಮೆ ಕೇಳಬೇಡಿ, ಮನೆಯ ಕಷ್ಟ ಹೇಳಬೇಡಿ, ಕಾರಣ ಕೊಡಬೇಡಿ. ಹೇಳಿದ ಮೇಲೆ ಸುಮ್ನೆ ಇರಿ. ಆ ಕಡೆಯವರು ಮಾತಾಡಲಿ. ಹಣ ಬರಲಿಲ್ಲವೋ, ಹದಿನಾರನೆಯ ದಿನ ಮತ್ತೆ ಫೋನ್ ಮಾಡಿ.

ಹಣ ಖಾತೆಗೆ ಬಿದ್ದ ದಿನ ನನಗೆ ಒಂದು ಸಾಲು ಬರೆಯಿರಿ. ರಾಜೀನಾಮೆಯ ತಾರೀಕನ್ನು ಅವತ್ತು ಇಬ್ಬರೂ ಕೂತು ನೋಡೋಣ.