ಟೆಸ್ಟಿಂಗ್ ಬಿಟ್ಟು ನರ್ಸಿಂಗ್‌ಗೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಗಂಡನ ಸ್ಕಿಲ್ಡ್ ವರ್ಕರ್ ವೀಸಾ, ನೀವು ಡಿಪೆಂಡೆಂಟ್. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಿರಿ. ಮಗಳಿಗೆ ನಾಲ್ಕು ವರ್ಷ, ನಿಮಗೆ 34. ಈಗ ನರ್ಸ್ ಆಗಬೇಕು ಅನ್ನಿಸಿದೆ. ವಯಸ್ಸಾಯ್ತಾ, ಮೊದಲು ಕೇರರ್ ಕೆಲಸ ಮಾಡಬೇಕಾ, ಯಾವ ಕೋರ್ಸ್, ಎಷ್ಟು ಖರ್ಚು, ನನ್ನ ಇಂಗ್ಲಿಷ್ ಸಾಕಾ ಅಂತ ಕೇಳಿದ್ದೀರಿ.

ವಯಸ್ಸಿನ ಯೋಚನೆ ಬಿಡಿ. ನನ್ನ ನರ್ಸಿಂಗ್ ಬ್ಯಾಚಿನಲ್ಲಿ ಒಬ್ಬರು ಆಗಲೇ ಅಜ್ಜಿ ಆಗಿದ್ದರು.

ಕೇರರ್ ಕೆಲಸ, ಅಂದರೆ ರೋಗಿಗಳ ಆರೈಕೆಯ ಕೆಲಸ ಮೊದಲು ಮಾಡಿ, ಖಂಡಿತ ಮಾಡಿ. ನಾನು ಊರಲ್ಲಿ ಪಿಯು ಮಕ್ಕಳಿಗೆ ಕಾಮರ್ಸ್ ಪಾಠ ಮಾಡುತ್ತಿದ್ದವಳು. ಶೆಫೀಲ್ಡಿಗೆ ಬಂದಾಗ ನವೆಂಬರ್. ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲು. ಮನೆಯಲ್ಲಿ ಒಬ್ಬಳೇ ಕೂತು ಕೂತು ತಲೆ ಕೆಟ್ಟು, ಆಸ್ಪತ್ರೆಯಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದೆ. ಸೇವೆ ಮಾಡುವ ಆಸೆ ಗೀಸೆ ಏನೂ ಇರಲಿಲ್ಲ, ಇಂಟರ್‌ವ್ಯೂನಲ್ಲಿ ಮಾತ್ರ ಹಾಗೆ ಹೇಳಿದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅದು ಬ್ಯಾಂಡ್ 2, ಅಂದರೆ ಕೆಳಗಿನ ಸಂಬಳದ ದರ್ಜೆಯ ಕೆಲಸ. ಓದು ಮುಗಿಸಿದ ಹೊಸ ನರ್ಸ್ ಅಂದರೆ ಬ್ಯಾಂಡ್ 5. ನಡುವೆ ಎಷ್ಟು ದೂರ ಅನ್ನೋದು ಸಂಬಳದ ಚೀಟಿಯಲ್ಲೂ ಕಾಣುತ್ತದೆ, ಮಾತಾಡಿಸುವ ರೀತಿಯಲ್ಲೂ ಕಾಣುತ್ತದೆ. ಗುರುತಿಲ್ಲದ ಗಂಡಸರ ಮೈ ಒರೆಸಬೇಕು, ಕಮೋಡ್ ತೆಗೆಯಬೇಕು, ಊಟ ತಿನ್ನಿಸಬೇಕು. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವರಿಗೆ ಇದು ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ನೆಂಟರ ಮುಂದೆ 'ಆಸ್ಪತ್ರೆಯಲ್ಲಿ ಕೆಲಸ' ಅನ್ನುವಷ್ಟಕ್ಕೇ ಮಾತು ನಿಲ್ಲುತ್ತಿತ್ತು. ನಿಮ್ಮ ಅತ್ತೆಗೆ ಏನು ಹೇಳುತ್ತೀರಿ ನಿಮಗೆ ಬಿಟ್ಟದ್ದು. ಆದರೆ ಒಂದು ಚಳಿಗಾಲ ಈ ಕೆಲಸ ಮಾಡಿ ನೋಡಿದರೆ, ಸಾವಿರಾರು ಪೌಂಡ್ ಫೀಸು ಕಟ್ಟುವ ಮೊದಲೇ ನಿಮ್ಮ ಮೈಗೆ ಇದು ಒಗ್ಗುತ್ತಾ ಅಂತ ಗೊತ್ತಾಗುತ್ತದೆ.

ಕೋರ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಡಿಗ್ರಿ 3 ವರ್ಷ. ಮೊದಲೇ ಒಂದು ಡಿಗ್ರಿ ಇದ್ದವರಿಗೆ 2 ವರ್ಷದ ಎಂಎಸ್‌ಸಿ ಇದೆ. ಕೆಲವು ಯೂನಿವರ್ಸಿಟಿಗಳು ನಿಮ್ಮ ಬಿಇ ಒಪ್ಪುತ್ತವೆ, ಕೆಲವು ಆರೋಗ್ಯಕ್ಕೆ ಸಂಬಂಧಪಟ್ಟ ಡಿಗ್ರಿಯೇ ಬೇಕು ಅನ್ನುತ್ತವೆ, ಮತ್ತೆ ಕೇರ್ ಕೆಲಸ ಮಾಡಿದ ಗಂಟೆಗಳ ದಾಖಲೆ ಕೇಳುತ್ತಾರೆ. ಅಡಲ್ಟ್, ಚಿಲ್ಡ್ರನ್ಸ್, ಮೆಂಟಲ್ ಹೆಲ್ತ್, ಲರ್ನಿಂಗ್ ಡಿಸೆಬಿಲಿಟಿ ಅಂತ ನಾಲ್ಕು ವಿಭಾಗ. ಯಾವುದು ಅನ್ನೋದನ್ನು ಅರ್ಜಿ ಹಾಕುವಾಗಲೇ ಆರಿಸಬೇಕು.

ದುಡ್ಡಿನ ವಿಷಯ ಮಾತ್ರ ಕಿವಿಗೊಟ್ಟು ಕೇಳಿ. ಇಲ್ಲಿಯವರಿಗೆ ಫೀಸು 2025-26ರಲ್ಲಿ ವರ್ಷಕ್ಕೆ 9,535 ಪೌಂಡ್. ಡಿಪೆಂಡೆಂಟ್ ವೀಸಾದಲ್ಲಿರುವವರನ್ನು ಸಾಮಾನ್ಯವಾಗಿ ಓವರ್‌ಸೀಸ್ ಅಂತ ಲೆಕ್ಕ ಹಾಕುತ್ತಾರೆ, ಆಗ ಸುಮಾರು ಎರಡರಷ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ) ಸಿಕ್ಕಿದ್ದು, ಹಿಂದಿನ 3 ವರ್ಷ ಇಲ್ಲೇ ವಾಸ ಇದ್ದರೆ ಇಲ್ಲಿಯವರ ಫೀಸು, ಜೊತೆಗೆ ಸ್ಟೂಡೆಂಟ್ ಲೋನ್. ಆಗ ಎನ್‌ಎಚ್‌ಎಸ್‌ನಿಂದ ವರ್ಷಕ್ಕೆ 5,000 ಪೌಂಡ್ ಗ್ರಾಂಟ್ ಸಿಗುತ್ತದೆ. ಚಿಕ್ಕ ಮಕ್ಕಳಿದ್ದರೆ ಇನ್ನೊಂದು 2,000. ವಾಪಸ್ ಕೊಡಬೇಕಿಲ್ಲ. ಹಾಗಾಗಿ ನಾನು ಕಾದೆ. ಊರಿನ ಸೈಟ್ ಮಾರಿ ಓವರ್‌ಸೀಸ್ ಫೀಸು ಕಟ್ಟುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಐಎಲ್‌ಆರ್ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಸರ್ಕಾರದ ವೆಬ್‌ಸೈಟ್ ನೋಡಿ, ವಾಟ್ಸಾಪ್ ಗುಂಪಿನ ಮಾತು ನಂಬಬೇಡಿ.

ಮೂರು ವರ್ಷದಲ್ಲಿ ಒಟ್ಟು 4,600 ಗಂಟೆ. ಅದರಲ್ಲಿ ಅರ್ಧ, 2,300 ಗಂಟೆ, ಪಾಠ. ಇನ್ನರ್ಧ ಪ್ಲೇಸ್‌ಮೆಂಟ್, ಅಂದರೆ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಕಲಿಯುವುದು, ಅದಕ್ಕೆ ಸಂಬಳ ಇಲ್ಲ. ಜ್ವರ ಬಂದು ಒಂದು ದಿನ ತಪ್ಪಿದರೂ ಆ ಗಂಟೆಗಳನ್ನು ಮತ್ತೆ ತುಂಬಿಸಬೇಕು. ಶಿಫ್ಟ್ ಹನ್ನೆರಡೂವರೆ ಗಂಟೆಯದು, ಬೆಳಗ್ಗೆ ಏಳೂವರೆಗೆ ಹ್ಯಾಂಡೋವರ್, ರಾತ್ರಿಯವರಿಂದ ಪೇಷೆಂಟ್‌ಗಳ ವಿವರ ಕೇಳಿಕೊಳ್ಳುವುದು. ಆರೂವರೆಗೆ ನೀವು ಬಸ್ಸಿನಲ್ಲಿರುತ್ತೀರಿ. ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಬಿಡುವವರು ಯಾರು? ಇಲ್ಲಿ ಪಕ್ಕದ ಮನೆ ಆಂಟಿ ಇಲ್ಲ, ಅಮ್ಮ ಇಲ್ಲ. ಅರ್ಜಿ ಹಾಕುವ ಮೊದಲು ಇದನ್ನು ಗಂಡನ ಹತ್ತಿರ ಮಾತಾಡಿ, 'ನೋಡೋಣ' ಅನ್ನೋ ಉತ್ತರ ಒಪ್ಪಬೇಡಿ.

ಇನ್ನು ಇಂಗ್ಲಿಷ್. ಕ್ಲೈಂಟ್ ಕಾಲ್ ಮಾಡಿದವರು ನೀವು, ಭಾಷೆ ಸಾಕು. ನಮ್ಮವರಿಗೆ ಕಷ್ಟ ಆಗುವುದು ಬೇರೆ ಕಡೆ.

ಇಲ್ಲಿ ಎಸ್‌ಬಿಎಆರ್ ಅಂತ ಒಂದು ಕ್ರಮ ಕಲಿಸುತ್ತಾರೆ. ಪೇಷೆಂಟ್ ಸ್ಥಿತಿ ಕೆಟ್ಟಾಗ ಡಾಕ್ಟರಿಗೆ ಫೋನ್ ಮಾಡಿ ಈಗ ಏನಾಗಿದೆ, ಹಿಂದಿನ ಕಥೆ ಏನು, ನಿಮ್ಮ ಅಂದಾಜೇನು ಅಂತ ಹೇಳಬೇಕು. ಕೊನೆಯದು ಆರ್, ಅಂದರೆ ರೆಕಮೆಂಡೇಶನ್. ಡಾಕ್ಟರ್ ಏನು ಮಾಡಬೇಕು ಅನ್ನೋದನ್ನು ನೀವು ಹೇಳಬೇಕು. ಮೊದಲ ಮೂರನ್ನು ನಾವು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿಬಿಡುತ್ತೇವೆ. ಆರ್ ಹತ್ತಿರ ನಾಲಿಗೆ ನಿಲ್ಲುತ್ತದೆ. ಡಾಕ್ಟರ್ ಬಂದರೆ ಎದ್ದು ನಿಲ್ಲುತ್ತಿದ್ದವರಲ್ವಾ ನಾವು.

ಒಂದು ರಾತ್ರಿ ಪ್ಲೇಸ್‌ಮೆಂಟ್‌ನಲ್ಲಿ ಒಬ್ಬ ವಯಸ್ಸಾದವರು, ಆಪರೇಷನ್ ಆಗಿ ಮಲಗಿದ್ದರು. ಉಸಿರು ಎಣಿಸುವುದು ಹೇಗೆ ಗೊತ್ತಾ? ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಜನ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೆ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಬೇಕು. 26 ಬಂತು. ಪೇಷೆಂಟ್ ಸ್ಥಿತಿಗೆ ಅಂಕ ಹಾಕುವ ಇಲ್ಲಿನ ನ್ಯೂಸ್2 ಚಾರ್ಟಿನಲ್ಲಿ 12ರಿಂದ 20 ಇದ್ದರೆ ಸೊನ್ನೆ, 25 ಮುಟ್ಟಿದರೆ ಅದೊಂದಕ್ಕೇ 3 ಅಂಕ, ಅಂದರೆ ಬೇಗ ಡಾಕ್ಟರ್ ನೋಡಬೇಕು. ನನಗೆ ಕೆಲಸ ಕಲಿಸುತ್ತಿದ್ದ ನರ್ಸ್ ನೀನೇ ಫೋನ್ ಮಾಡು ಅಂದರು. ಮಾಡಿದೆ. ಎಲ್ಲ ಹೇಳಿ ಸುಮ್ಮನಾದೆ. ಆ ಕಡೆಯಿಂದ 'ಸರಿ, ನಾನೇನು ಮಾಡಬೇಕು?' ಅಂದರು. ನಮ್ಮ ಕಡೆ ಆ ಮಾತು ಬಂದರೆ ಬೈಗುಳ ಅಂತಲೇ ಅರ್ಥ. ಅವರು ನಿಜವಾಗಿಯೂ ಕೇಳುತ್ತಿದ್ದರು. ಪಕ್ಕದಲ್ಲಿದ್ದ ನರ್ಸ್ 'ಈಗಲೇ ಬಂದು ನೋಡಿ ಅನ್ನು' ಅಂತ ಪಿಸುಗುಟ್ಟಿದರು. ಅಂದೆ. ಬಂದರು. ನ್ಯುಮೋನಿಯಾ ಶುರುವಾಗಿತ್ತು.

ಇನ್ನೊಂದು ವಾರ್ಡಿನವರು ನನ್ನ ರಿಪೋರ್ಟಿನಲ್ಲಿ 'ತುಂಬಾ ಮೌನ' ಅಂತ ಬರೆದಿದ್ದರು. ನಾನು ಹೊಗಳಿದ್ದಾರೆ ಅಂದುಕೊಂಡೆ.

ಆಮೇಲೆ ಕಲಿತೆ, ಬಾಯಿ ಬಂತು. ಆದರೆ ಅಪ್ಪ ಊರಲ್ಲಿ ಆಸ್ಪತ್ರೆ ಸೇರಿದಾಗ ನಾನು ಇಲ್ಲಿ ಫೋನ್ ಹಿಡಿದು ಕೂತಿದ್ದೆ. ತಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಅಪ್ಪನ ಎದೆಯ ಕಡೆ ತಿರುಗಿಸು ಅಂದೆ. ಎಣಿಸಿದೆ. 30ರ ಮೇಲಿತ್ತು. ಈಗಲೇ ಡಾಕ್ಟರನ್ನು ಕರಿ, ಉಸಿರು ಜಾಸ್ತಿ ಇದೆ ಅಂತ ಹೇಳು ಅಂದೆ. 'ಅವರಿಗೆ ಗೊತ್ತಿರಲ್ವಾ ಅಕ್ಕ, ನಾವು ಹೇಳಿದರೆ ಬೇಜಾರು ಮಾಡ್ಕೋತಾರೆ' ಅಂದ. ಅವನ ಮೇಲೆ ನನಗೆ ಕೋಪ ಇಲ್ಲ, ಈ ಕೆಲಸಕ್ಕೆ ಬರುವ ಮೊದಲು ನಾನೂ ಅದನ್ನೇ ಹೇಳುತ್ತಿದ್ದೆ. ಬೆಳಗ್ಗೆ ರೌಂಡ್ಸ್‌ಗೆ ಬಂದವರು ನೋಡಿ ಐಸಿಯುಗೆ ಹಾಕಿದರು. ಅಪ್ಪ ಮನೆಗೆ ಬರಲಿಲ್ಲ. ರಾತ್ರಿಯೇ ಕರೆದಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಕರೆಯಬೇಕಿತ್ತು ಅಂತ ಮಾತ್ರ ಹೇಳುತ್ತೇನೆ.

ಅದಕ್ಕೇ ನಿಮಗೆ ಹೇಳುವುದು, ಅನಾಟಮಿ ಪುಸ್ತಕ ಈಗಲೇ ಕೊಳ್ಳಬೇಡಿ. ಅದನ್ನು ಅವರೇ ಕಲಿಸುತ್ತಾರೆ. ಸಣ್ಣ ಸಣ್ಣ ಕಡೆ ಬಾಯಿ ಬಿಡುವುದನ್ನು ಅಭ್ಯಾಸ ಮಾಡಿ. ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದಾಗ ಯಾಕೆ ಈ ಮಾತ್ರೆ ಅಂತ ಕೇಳಿ. ಅರ್ಥ ಆಗದಿದ್ದರೆ ತಲೆಯಾಡಿಸಬೇಡಿ. ವಾರ್ಡಿನಲ್ಲಿ ಸುಮ್ನೆ ತಲೆಯಾಡಿಸುವ ವಿದ್ಯಾರ್ಥಿಯನ್ನು ಕಂಡರೆ ನನಗೆ ಈಗಲೂ ಭಯ. ಹಾಂ, ನಿಮ್ಮ ಟೆಸ್ಟಿಂಗ್ ಅನುಭವ ದಂಡ ಅಲ್ಲ. ಔಷಧಿಯ ಲೆಕ್ಕದ ಪರೀಕ್ಷೆಯಲ್ಲಿ 100ಕ್ಕೆ 100 ಬಂದರೆ ಮಾತ್ರ ಪಾಸು, 99ಕ್ಕೂ ಫೇಲ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕಣ್ಣು ಅಲ್ಲಿ ಬೇಕು.

ಬಳೆ, ಉಂಗುರ, ವಾಚ್ ಎಲ್ಲ ಮನೆಯಲ್ಲೇ. ಮೊಣಕೈ ಕೆಳಗೆ ಏನೂ ಇರಬಾರದು, ಕಲ್ಲಿಲ್ಲದ ಮದುವೆ ಉಂಗುರ ಒಂದಕ್ಕೆ ವಿನಾಯಿತಿ. ತಾಳಿ ಬಗ್ಗೆ ವಾರ್ಡ್ ಮ್ಯಾನೇಜರನ್ನು ಮೊದಲೇ ಕೇಳಿ. ಕೈ ತೊಳೆದು ತೊಳೆದು ಚಳಿಗಾಲದಲ್ಲಿ ಬೆರಳ ಗೆಣ್ಣು ಬಿರಿಯುತ್ತದೆ, ಶಿಫ್ಟ್ ಮುಗಿದ ತಕ್ಷಣ ಕ್ರೀಮ್ ಹಚ್ಚಿ.

ಡಿಗ್ರಿಗೆ ಅರ್ಜಿ ಯುಕಾಸ್ ಅನ್ನುವ ಯೂನಿವರ್ಸಿಟಿ ಪ್ರವೇಶದ ವೆಬ್‌ಸೈಟ್ ಮೂಲಕ, ಗಡುವು ಜನವರಿ ಮಧ್ಯದಲ್ಲಿ. ಪರ್ಸನಲ್ ಸ್ಟೇಟ್‌ಮೆಂಟ್ ಈಗ 3 ಪ್ರಶ್ನೆಗಳಿಗೆ ಉತ್ತರದ ರೂಪದಲ್ಲಿದೆ. ಗಣಿತ, ಇಂಗ್ಲಿಷ್‌ಗೆ ನಮ್ಮ ಹತ್ತನೇ ಕ್ಲಾಸಿನಂಥ ಇಲ್ಲಿನ ಜಿಸಿಎಸ್‌ಇಗೆ ಸಮನಾದದ್ದು ಕೇಳುತ್ತಾರೆ, ಆಗ ನಿಮ್ಮ ಬಿಇಗಿಂತ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೇ ಬೆಲೆ. ಅದು ಊರಿನ ಬೀರುವಿನಲ್ಲೇ ಇರುತ್ತದೆ ಅಲ್ವಾ? ಕೊರಿಯರ್ ಬೇಡ, ಯಾರಾದರೂ ಬರುವವರ ಕೈಯಲ್ಲಿ ಒರಿಜಿನಲ್ ತರಿಸಿಕೊಳ್ಳಿ.