13 ರೂಟ್ ಸರ್ವರ್ ಕೈಕೊಟ್ಟರೆ ಹೊಸನಗರದಲ್ಲಿ ನೆಟ್ ನಿಲ್ಲುತ್ತದಾ?

ಇಡೀ ಪ್ರಪಂಚಕ್ಕೆ 13 ರೂಟ್ ಸರ್ವರ್ (ವೆಬ್‌ಸೈಟ್ ಹೆಸರು ಹುಡುಕುವಾಗ ಮೊದಲ ದಾರಿ ತೋರಿಸುವ ಸರ್ವರ್) ಅಂತೆ, ಅವು ಕೈಕೊಟ್ಟರೆ ಹೊಸನಗರದ ಗತಿ ಏನು ಅಂತ ಕೇಳಿದ್ದೀರಿ. ಹೆದರಬೇಡಿ. 13 ಅನ್ನೋದು ಹೆಸರುಗಳ ಲೆಕ್ಕ, ಯಂತ್ರಗಳದ್ದಲ್ಲ. 'ಎ'ಯಿಂದ 'ಎಂ'ವರೆಗಿನ ಆ ಹೆಸರುಗಳ ಹಿಂದೆ ಸಾವಿರಕ್ಕೂ ಜಾಸ್ತಿ ಯಂತ್ರಗಳಿವೆ. ಮುಂಬೈ, ಚೆನ್ನೈಯಲ್ಲೂ ಇವೆ. ಒಂದು ಕೆಟ್ಟರೆ ಇನ್ನೊಂದು ಉತ್ತರ ಕೊಡುತ್ತದೆ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ನೀವು ನೋಡುವ ಅಡಿಕೆ ರೇಟಿನ ವೆಬ್‌ಸೈಟ್ ಎಲ್ಲಿದೆ ಅಂತ ರೂಟ್‌ಗೆ ಗೊತ್ತೇ ಇಲ್ಲ. '.ಇನ್' ಅಂತ ಮುಗಿಯುವ ಹೆಸರುಗಳನ್ನು ನೋಡಿಕೊಳ್ಳುವ ಸರ್ವರ್ ಯಾವುದು ಅಂತ ಮಾತ್ರ ಅದು ಹೇಳುತ್ತದೆ. ಆ ಉತ್ತರವನ್ನು ನಿಮ್ಮ ನೆಟ್ ಕಂಪನಿಯ ಡಿಎನ್‌ಎಸ್ ಸರ್ವರ್ (ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಯಂತ್ರ) 2 ದಿನದವರೆಗೂ ಇಟ್ಟುಕೊಳ್ಳಬಹುದು. ಸುಮ್ನೆ ಪ್ರತಿ ಸಲ ರೂಟನ್ನು ಕೇಳುವುದಿಲ್ಲ.

ಮಳೆಯಲ್ಲಿ ನೆಟ್ ಹೋದರೆ ಫೈಬರ್ ಬಾಕ್ಸ್ ನೋಡಿ. ಕೆಂಪು ದೀಪ ಮಿನುಗುತ್ತಿದ್ದರೆ ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿರಬಹುದು.